ನೆರಳಿನ ಋಣ: ಕುಂದಾಪುರ ಸೀಮೆಯ ಯಾತ್ರಾಮಾರ್ಗವೂ ಮರಗಳ ಇತಿಹಾಸವೂ

ನಮ್ಮ ದೇಶದಲ್ಲಿ ದಾರಿಗೂ ಮರಕ್ಕೂ ಇರುವ ನಂಟು ಅತ್ಯಂತ ಪ್ರಾಚೀನವಾದುದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ 7ನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಬೆಳೆಸಿ ಬಾವಿಗಳನ್ನು ತೋಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಅಂದಿನಿಂದ ಇಂದಿನವರೆಗೆ ಸಾಲುಮರ, ಅರವಟ್ಟಿಗೆ, ಅಶ್ವತ್ಥಕಟ್ಟೆಗಳು ಪುಣ್ಯಕಾರ್ಯಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿವೆ. ಈ ಸಂಪ್ರದಾಯದಲ್ಲಿ ಮರವು ಕೊಡುವವನ ಸ್ಥಾನದಲ್ಲಿಯೂ ಪಯಣಿಗನು ಪಡೆಯುವವನ ಸ್ಥಾನದಲ್ಲಿಯೂ ನಿಂತಿರುವುದನ್ನು ಗಮನಿಸಬೇಕು.

ನಮ್ಮ ಕಾಲದಲ್ಲಿ ಈ ನಂಟಿಗೆ ಹೊಸದೊಂದು ಭಾರ ಸೇರಿದೆ. ಪಯಣಿಗನು ಬಿಸಿಲಿನಿಂದ ರಕ್ಷಣೆಯನ್ನಷ್ಟೇ ಮರದಿಂದ ಬಯಸುತ್ತಿಲ್ಲ. ತನ್ನ ವಾಹನ ಉಗುಳಿದ ಹೊಗೆಯನ್ನೂ ಅದೇ ಮರ ಹೀರಿಕೊಳ್ಳಲಿ ಎಂದು ಅಪೇಕ್ಷಿಸುತ್ತಿದ್ದಾನೆ. ಜಗತ್ತಿನಲ್ಲಿ ಮನುಷ್ಯರು ಹೊರಸೂಸುವ ಹಸಿರುಮನೆ ಅನಿಲಗಳಲ್ಲಿ ಪ್ರವಾಸೋದ್ಯಮದ ಪಾಲು ಸುಮಾರು ಶೇಕಡ 8 ಎಂದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಲೆಕ್ಕ ಹಾಕಿತು. 2019ರ ವೇಳೆಗೆ ಈ ಪಾಲು ಶೇಕಡ 8.8ಕ್ಕೆ ಏರಿತ್ತೆಂದು 2024ರ ಮತ್ತೊಂದು ಅಧ್ಯಯನ ತೋರಿಸಿತು. ಈ ಹೊರೆಯನ್ನು ಇಳಿಸಲು ಯಾತ್ರಿಕರಿಂದಲೂ ಊರಿನವರಿಂದಲೂ ಸಸಿ ನೆಡಿಸುವ ಉಪಾಯವು ಇಂದು ಎಲ್ಲೆಡೆ ಜನಪ್ರಿಯವಾಗುತ್ತಿದೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ದೇವಾಲಯಗಳ ಟ್ರಸ್ಟ್‌ಗಳೂ ಇದರತ್ತ ಒಲವು ತೋರುವುದು ಸಹಜವೇ ಆಗಿದೆ. ಆದರೆ ನೆಟ್ಟ ಸಸಿಯಿಂದ ಪ್ರಯಾಣದ ಋಣ ತೀರುವುದೆ? ತೀರುವುದಾದರೆ ಯಾವ ನಿಯಮಗಳ ಮೇಲೆ? ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ದಾರಿ ಮತ್ತು ಮರಗಳ ಇತಿಹಾಸದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ದಾರಿ

ಇಂದಿನ ಮೂರು ತಾಲ್ಲೂಕುಗಳೂ ಉಡುಪಿ ಜಿಲ್ಲೆಗೆ ಸೇರಿವೆ. ಈ ಜಿಲ್ಲೆ 1997ರಲ್ಲಿ ದಕ್ಷಿಣ ಕನ್ನಡದಿಂದ ಪ್ರತ್ಯೇಕಗೊಂಡಿತು. ಬೈಂದೂರು ಮತ್ತು ಬ್ರಹ್ಮಾವರಗಳು ಬಹು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದವು. ಆದರೆ ದಾರಿಯ ದೃಷ್ಟಿಯಿಂದ ಇದು ಒಂದೇ ಸೀಮೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ಇವೆರಡರ ನಡುವೆ ಉತ್ತರ ದಕ್ಷಿಣವಾಗಿ ಹರಿದ ಕಿರಿದಾದ ನೆಲ. ಅದನ್ನು ಅಡ್ಡಲಾಗಿ ಕತ್ತರಿಸುವ ಸೀತಾ, ವಾರಾಹಿ, ಸೌಪರ್ಣಿಕಾ ಮೊದಲಾದ ನದಿಗಳು. ಸೇತುವೆಗಳಿಲ್ಲದ ಕಾಲದಲ್ಲಿ ಪಯಣಿಗನು ಒಂದೊಂದು ನದಿಯ ಕಡವಿನಲ್ಲಿಯೂ ದೋಣಿಗಾಗಿ ಕಾಯಬೇಕಾಗಿತ್ತು. ದಾರಿಯೇ ಅವನ ವೇಗಕ್ಕೆ ಮಿತಿ ಹಾಕುತ್ತಿತ್ತು.

ಈ ಸೀಮೆಯಲ್ಲಿ ಜೈನಧರ್ಮದ ಹೆಜ್ಜೆಗುರುತುಗಳು ಸ್ಪಷ್ಟವಾಗಿವೆ. ಆಳುಪ ಅರಸರ ರಾಜಧಾನಿಯಾಗಿದ್ದು ಮುಂದೆ ವಿಜಯನಗರದ ಕಾಲದಲ್ಲಿ ರಾಜ್ಯವೊಂದರ ಕೇಂದ್ರವಾದ ಬಾರಕೂರಿನಲ್ಲಿ ಕತ್ತಲೆ ಬಸದಿಯ ಅವಶೇಷಗಳು ಇಂದಿಗೂ ನಿಂತಿವೆ. ವಾರಾಹಿ ನದಿಯ ಬಳಿಯ ಹಟ್ಟಿಯಂಗಡಿಯಲ್ಲಿ ಚಂದ್ರನಾಥ ಸ್ವಾಮಿಯ ಬಸದಿಯಿದೆ. ಅದೇ ನದಿಯ ದಡದ ಬಸರೂರು, ಪೋರ್ತುಗೀಸರು ಬಾರ್ಸೆಲೋರ್ ಎಂದು ಕರೆದ ಪ್ರಸಿದ್ಧ ಬಂದರಾಗಿ ಅಕ್ಕಿಯ ವ್ಯಾಪಾರಕ್ಕೆ ಹೆಸರಾಗಿತ್ತು. ಉತ್ತರಕ್ಕೆ ಭಟ್ಕಳದ ಬಸದಿಗಳು, ದಕ್ಷಿಣಕ್ಕೆ ವರಂಗ, ಕಾರ್ಕಳ, ಮೂಡುಬಿದಿರೆ. ಹೀಗೆ ವರ್ತಕನಿಗೂ ಯಾತ್ರಿಕನಿಗೂ ಇದು ಒಂದೇ ದಾರಿಯಾಗಿತ್ತು.

ಆ ದಾರಿ ಹೇಗಿತ್ತೆಂಬುದಕ್ಕೆ ವಿದೇಶೀಯನೊಬ್ಬನ ಸಾಕ್ಷ್ಯ ನಮಗೆ ದೊರೆತಿದೆ. 1340ರ ದಶಕದಲ್ಲಿ ಈ ಕರಾವಳಿಯನ್ನು ಕಂಡ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು ಬಾರಕೂರನ್ನು ಫಾಕನೂರ್ ಎಂದು ಹೆಸರಿಸಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನೆಲ್ಲ ಒಟ್ಟಾಗಿ ವರ್ಣಿಸುವಾಗ, ಎರಡು ತಿಂಗಳ ನಡಿಗೆಯ ಆ ದಾರಿಯುದ್ದಕ್ಕೂ ಮರಗಳ ನೆರಳಿತ್ತೆಂದೂ, ಅರ್ಧ ಮೈಲಿಗೊಂದರಂತೆ ಕುಳಿತುಕೊಳ್ಳಲು ಜಗಲಿಗಳಿದ್ದ ಮರದ ಮನೆಗಳೂ ಅವುಗಳ ಬಳಿ ಕುಡಿಯುವ ನೀರಿನ ಬಾವಿಗಳೂ ಇದ್ದುವೆಂದೂ ಬರೆದಿದ್ದಾನೆ. ಅವನ ವಿವರಣೆಯಲ್ಲಿ ಇನ್ನೊಂದು ಅಂಶವಿದೆ. ಓದುವಾಗ ಸುಲಭವಾಗಿ ಕಣ್ತಪ್ಪುವಂಥದು. ಬಾವಿಯ ಬಳಿ ಅದನ್ನು ನೋಡಿಕೊಳ್ಳುವ, ಬಂದವರಿಗೆ ನೀರೆರೆಯುವ ಒಬ್ಬ ಮನುಷ್ಯನಿರುತ್ತಿದ್ದನು. ನೆರಳೂ ನೀರೂ ತಾವಾಗಿ ಉಳಿದಿರಲಿಲ್ಲ. ಅವನ್ನು ಕಾಯುವ ಕೆಲಸಕ್ಕೆ ಜನ ನೇಮಕವಾಗಿದ್ದರು.

ಕರಾವಳಿಯ ಶಾಸನಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಸದಿಗಾಗಲಿ ದೇವಾಲಯಕ್ಕಾಗಲಿ ಧರ್ಮಕಾರ್ಯವೊಂದನ್ನು ವಹಿಸಿಕೊಡುವಾಗ ದಾನಿಯು ಒಂದು ದಿನದ ಖರ್ಚನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಇಂತಹ ಭೂಮಿಯಿಂದ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಬರತಕ್ಕದ್ದು, ಅದರಿಂದ ನಂದಾದೀಪವೋ ಆಹಾರದಾನವೋ ನಿರಂತರವಾಗಿ ನಡೆಯತಕ್ಕದ್ದು ಎಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದನು. ಭೂಮಿಯ ಎಲ್ಲೆಗಳನ್ನು ಹೇಳಿ, ನಡೆಸಬೇಕಾದವರನ್ನು ಗೊತ್ತುಪಡಿಸಿ, ತಪ್ಪಿದವರಿಗೆ ಶಾಪವನ್ನೂ ಸೇರಿಸುತ್ತಿದ್ದನು. ಆ ಕಾಲದ ಧರ್ಮಬುದ್ಧಿಯು ಆರಂಭೋತ್ಸವಕ್ಕಿಂತ ಮುಂದುವರಿಕೆಗೆ ಹೆಚ್ಚು ಬೆಲೆ ಕೊಟ್ಟಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಬನ, ಹಾಡಿ, ಕುಮ್ಕಿ

ದಾರಿಬದಿಯ ಮರಗಳ ಹಿಂದೆ ಊರಿನ ಮರಗಳ ವಿಶಾಲವಾದ ವ್ಯವಸ್ಥೆಯೊಂದಿತ್ತು. ಕುಂದಾಪುರ ಸೀಮೆಯ ಮನೆತನಗಳಿಗೆಲ್ಲ ಪರಿಚಿತವಾದ ನಾಗಬನವು ಇದರಲ್ಲಿ ಮೊದಲನೆಯದು. ಬನದೊಳಗೆ ಕತ್ತಿ ಆಡಿಸಬಾರದು, ಒಣಗಿದ ಕೊಂಬೆಯನ್ನೂ ಒಲೆಗೆ ತರಬಾರದು ಎಂಬ ಕಟ್ಟುಪಾಡು ಮನೆಮನೆಯಲ್ಲಿತ್ತು. ತುಳುನಾಡಿನ ಜೈನ ಮನೆತನಗಳೂ ಈ ಬನಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವು. ಎರಡನೆಯದು ಹಾಡಿ. ಊರ ಅಂಚಿನ ಈ ಕುರುಚಲು ಕಾಡಿನಿಂದ ತರಗೆಲೆ, ಸೊಪ್ಪು, ಕಾಡುಹಣ್ಣು, ಔಷಧದ ಬೇರುಗಳು ಎಲ್ಲರಿಗೂ ಸಿಗುತ್ತಿದ್ದವು. ಮೂರನೆಯದು ಕುಮ್ಕಿ. ಕದೀಂ ವರ್ಗ ಭೂಮಿಯ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಕಟ್ಟಿಗೆ ಪಡೆಯಲು ಕೃಷಿಕನಿಗಿದ್ದ ಈ ಸವಲತ್ತನ್ನು ಬ್ರಿಟಿಷರ ಆಡಳಿತವೂ ಮಾನ್ಯ ಮಾಡಿತ್ತು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಬನ, ಹಾಡಿಗಳನ್ನು ಯಾರೂ ಒಂದು ದಿನ ಸಮಾರಂಭ ಮಾಡಿ ನೆಟ್ಟವರಲ್ಲ. ಕಡಿಯದೆ ಇದ್ದುದರಿಂದ ಅವು ಬೆಳೆದವು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಮನುಷ್ಯನು ಕೈ ಬಿಗಿಹಿಡಿದರೆ ಸಾಕು, ಮರಗಳು ತಾವಾಗಿಯೇ ಏಳುತ್ತವೆ. ಬೀಜ ಬೀಳುವುದಕ್ಕೆ ಹಕ್ಕಿಯಿದೆ, ಗಾಳಿಯಿದೆ. ಮನುಷ್ಯನ ಪಾಲಿಗೆ ಉಳಿದ ಕೆಲಸ ಸಂಯಮ ಮಾತ್ರ.

ಹೆದ್ದಾರಿಯ ಕಾಲ

1801ರಲ್ಲಿ ಮಂಗಳೂರಿನ ಕಡೆಯಿಂದ ಉತ್ತರಾಭಿಮುಖವಾಗಿ ಸಾಗಿದ ಫ್ರಾನ್ಸಿಸ್ ಬುಕಾನನ್‌ನು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದುಹೋಗಲು ದಿನಗಳನ್ನೇ ವ್ಯಯಿಸಬೇಕಾಯಿತು. ಇಂದು ಅದೇ ದೂರವನ್ನು ಕಾರು ಒಂದೆರಡು ಗಂಟೆಗಳಲ್ಲಿ ಮುಗಿಸುತ್ತದೆ. 20ನೆಯ ಶತಮಾನದಲ್ಲಿ ನದಿಗಳಿಗೆ ಸೇತುವೆಗಳಾದವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದು ಬಾರಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರುಗಳಲ್ಲಿ ರೈಲು ನಿಲ್ಲುವಂತಾಯಿತು. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರೇ ಬಂದಿರುವುದು ಯಾತ್ರೆಯ ಮಹತ್ವವನ್ನು ಸೂಚಿಸುತ್ತದೆ. ಹಿಂದೆ 17 ಎಂಬ ಸಂಖ್ಯೆಯಿದ್ದು ಈಗ 66 ಎನಿಸಿಕೊಂಡ ರಾಷ್ಟ್ರೀಯ ಹೆದ್ದಾರಿಯು 2010ರ ನಂತರದ ವರ್ಷಗಳಲ್ಲಿ ನಾಲ್ಕು ಪಥಗಳಾಗಿ ಅಗಲಗೊಂಡಿತು. ಅಗಲವಾಗುವಾಗ ಇಕ್ಕೆಲದ ಹಳೆಯ ಮರಗಳು ಉರುಳಿದವು. ನೆರಳಿನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದ ಜಾಗಗಳು ಬಯಲಾದವು.

ಈ ಸೌಕರ್ಯಗಳ ಉಪಕಾರವನ್ನು ಅಲ್ಲಗಳೆಯಲಾಗದು. ರೋಗಿಗೆ ಆಸ್ಪತ್ರೆ ಹತ್ತಿರವಾಯಿತು, ವಿದ್ಯಾರ್ಥಿಗೆ ಕಾಲೇಜು ಹತ್ತಿರವಾಯಿತು, ವೃದ್ಧರಿಗೂ ತೀರ್ಥದರ್ಶನ ಸಾಧ್ಯವಾಯಿತು. ಆದರೆ ದೂರವು ಕರಗಿದಷ್ಟೂ ಪ್ರಯಾಣ ಹೆಚ್ಚಿತು. ಕೊಲ್ಲೂರಿನ ಯಾತ್ರೆಗೆ ಬಂದವರು ಕೊಡಚಾದ್ರಿಗೆ ಜೀಪು ಹತ್ತುತ್ತಾರೆ. ಅಲ್ಲಿಂದ ಇಳಿದು ಮರವಂತೆಯ ಕಡಲತೀರಕ್ಕೆ ಧಾವಿಸುತ್ತಾರೆ. ಕೊಲ್ಲೂರನ್ನು ಬಳಸಿ ನಿಂತಿರುವ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವೆಂದು ಘೋಷಿತವಾದುದು. ಅದರ ನಡುವೆಯೇ ವಾಹನಗಳ ಸಾಲು ಹರಿಯುತ್ತದೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಈ ಅಪೂರ್ವ ದೃಶ್ಯವನ್ನು ನೋಡಲು ಜನ ಬರುತ್ತಾರೆ. ಕಡಲ್ಕೊರೆತವನ್ನು ತಡೆಯಲು ಅಲ್ಲಿಯೇ ಬಂಡೆಗಲ್ಲುಗಳನ್ನು ಸುರಿಯಬೇಕಾಗಿ ಬಂದಿದೆ. ಜಗತ್ತು ಬಿಸಿಯಾದಂತೆ ಕಡಲಿನ ಮಟ್ಟ ಏರುತ್ತದೆ. ಪ್ರವಾಸದ ಹೊಗೆಯ ಫಲವನ್ನು ಕೊನೆಗೆ ಉಣ್ಣಬೇಕಾದ ಊರುಗಳಲ್ಲಿ ಇಂತಹ ತೀರದ ಊರುಗಳೇ ಮೊದಲನೆಯವು.

ನೆಡುವ ಉತ್ಸಾಹ, ಕಾಯುವ ಕೊರತೆ

ಸ್ವತಂತ್ರ ಭಾರತದಲ್ಲಿ ವೃಕ್ಷಾರೋಪಣವು ರಾಷ್ಟ್ರೀಯ ಹಬ್ಬವಾದುದು 1950ರಲ್ಲಿ. ಅಂದು ಕೇಂದ್ರ ಸಚಿವರಾಗಿದ್ದ ಕನ್ಹಯ್ಯಾಲಾಲ್ ಮುನ್ಷಿಯವರು ಜುಲೈ ತಿಂಗಳಿನಲ್ಲಿ ವನಮಹೋತ್ಸವಕ್ಕೆ ನಾಂದಿ ಹಾಡಿದರು. ಮುಂದೆ ಸಾಮಾಜಿಕ ಅರಣ್ಯ ಯೋಜನೆಗಳು ಬಂದಾಗ ಕರಾವಳಿಯ ಹಾಡಿ, ಗುಡ್ಡಗಳಲ್ಲಿ ಬೇಗ ಬೆಳೆಯುವ ಅಕೇಶಿಯಾ ಬಹಳವಾಗಿ ಹರಡಿತು. ಕಟ್ಟಿಗೆ ದೊರೆಯಿತೆಂಬುದು ನಿಜ. ಆದರೆ ದನಗಳು ಅದರ ಎಲೆಯನ್ನು ತಿನ್ನುವುದಿಲ್ಲ, ಹಕ್ಕಿಗೆ ಹಣ್ಣಿಲ್ಲ, ನೆಲದ ಮೇಲೆ ಬಿದ್ದ ದಪ್ಪ ತರಗು ಬೇಗ ಕೊಳೆಯುವುದಿಲ್ಲ. ಹಾಡಿಯೆಂಬ ಹೆಸರು ಉಳಿದರೂ ಹಾಡಿಯ ಗುಣ ಉಳಿಯಲಿಲ್ಲ. ಸಂಖ್ಯೆಯನ್ನಷ್ಟೇ ನೋಡಿ ನೆಟ್ಟರೆ ಏನಾಗುವುದೆಂಬುದಕ್ಕೆ ಇದು ನಮ್ಮ ಅಂಗಳದ ದೃಷ್ಟಾಂತ.

ಹೊಗೆಯ ಲೆಕ್ಕಕ್ಕೆ ಮರವನ್ನು ಜಮಾ ಮಾಡುವ ಪದ್ಧತಿ ಇನ್ನೂ ಹೊಸದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿದ್ಯುತ್ ಕಂಪನಿಯೊಂದು ತನ್ನ ಕಲ್ಲಿದ್ದಲು ಸ್ಥಾವರದ ಹೊಗೆಗೆ ಬದಲಾಗಿ ಮಧ್ಯ ಅಮೆರಿಕದ ಗ್ವಾಟೆಮಾಲದ ರೈತರಿಂದ ಕೋಟ್ಯಂತರ ಗಿಡಗಳನ್ನು ನೆಡಿಸಲು ಹಣ ಕೊಟ್ಟಿತು. ಇಂತಹ ವ್ಯವಹಾರಗಳಿಗೆ ಅದು ಮೊದಲ ಮಾದರಿಯೆನಿಸಿತು. ಈ ಪದ್ಧತಿ ಕರ್ನಾಟಕದ ನೆಲವನ್ನೂ ಮುಟ್ಟಿತು. 2002ರಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ಎಂಬ ಸಂಗೀತ ತಂಡವು ತನ್ನ ಧ್ವನಿಮುದ್ರಿಕೆಯ ತಯಾರಿಕೆ ಮತ್ತು ವಿತರಣೆಯಿಂದಾದ ಹೊಗೆಯನ್ನು ಸರಿದೂಗಿಸಲು ನಮ್ಮ ರಾಜ್ಯದಲ್ಲಿ 10,000 ಮಾವಿನ ಸಸಿಗಳನ್ನು ನೆಡಿಸುವುದಾಗಿ ಪ್ರಕಟಿಸಿತು. ಅಂದಿನ ಕೋಲಾರ ಜಿಲ್ಲೆಯ ಗುಡಿಬಂಡೆಯ ಸುತ್ತಲಿನ ಬಡ ರೈತರಿಗೆ ಸಸಿಗಳು ದೊರೆತವು. 2006ರಲ್ಲಿ ಬ್ರಿಟಿಷ್ ಪತ್ರಿಕೆಯೊಂದು ಅಲ್ಲಿಗೆ ಹೋಗಿ ನೋಡಿದಾಗ ಅನೇಕ ಸಸಿಗಳು ನೀರಿಲ್ಲದೆ ಒಣಗಿಹೋಗಿರುವುದು ಕಂಡುಬಂತು. ಬರದ ನಾಡಿನಲ್ಲಿ ಸಸಿಗೆ ನೀರು ಹೊರುವವರು ಯಾರು, ಆ ಕೂಲಿಯನ್ನು ಕೊಡುವವರು ಯಾರು ಎಂಬುದನ್ನು ಗಟ್ಟಿಯಾಗಿ ಗೊತ್ತುಮಾಡಿರಲಿಲ್ಲ. ದೂರದ ಶ್ರೋತೃಗಳು ತಮ್ಮ ಪಾಲಿನ ಋಣ ತೀರಿತೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದಾಗ ಇಲ್ಲಿ ಗಿಡ ಬಾಡುತ್ತಿತ್ತು.

ಇದಕ್ಕೆ ಎದುರಾಗಿ ಕರ್ನಾಟಕದ್ದೇ ಇನ್ನೊಂದು ಉದಾಹರಣೆಯನ್ನು ಇಡಬಹುದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲು ಮತ್ತು ಕುದೂರುಗಳ ನಡುವಿನ ಸುಮಾರು 4 ಕಿಲೋಮೀಟರ್ ದಾರಿಯಲ್ಲಿ ನೂರಾರು ಆಲದ ಮರಗಳನ್ನು ಬೆಳೆಸಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆಸ್ತಿಯಿರಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತರು, ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು, ವರ್ಷವರ್ಷವೂ ಅದನ್ನೇ ಮಾಡಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಅಪಾಯ ಬಂದಾಗ ಅವನ್ನು ಉಳಿಸಬೇಕೆಂದು ಅವರು ಸರ್ಕಾರದ ಮೊರೆಹೋಗಬೇಕಾಯಿತು. 2025ರ ನವೆಂಬರಿನಲ್ಲಿ ಅವರು ನಿಧನರಾದರು, ಮರಗಳು ನಿಂತಿವೆ. ಗುಡಿಬಂಡೆಯಲ್ಲಿ ಹಣವಿತ್ತು, ಕಾಯುವವರ ವ್ಯವಸ್ಥೆಯಿರಲಿಲ್ಲ. ಹುಲಿಕಲ್ಲಿನಲ್ಲಿ ಹಣವಿರಲಿಲ್ಲ, ಕಾಯುವವರಿದ್ದರು. ಇಬ್ನ್ ಬತೂತನು ಬಾವಿಯ ಬಳಿ ಕಂಡ ಮನುಷ್ಯನ ವಂಶಕ್ಕೆ ಸೇರಿದವರು ತಿಮ್ಮಕ್ಕ.

ಒಂದು ಯಾತ್ರೆಯ ಲೆಕ್ಕ

ಮರವು ಎಷ್ಟು ಹೊರೆ ಹೊರಬಲ್ಲದೆಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ಬೆಂಗಳೂರಿನಿಂದ ಕೊಲ್ಲೂರಿಗೆ ರಸ್ತೆಯ ದೂರ ಸುಮಾರು 430 ಕಿಲೋಮೀಟರ್, ಹೋಗಿಬರಲು 860. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 57 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದು ಯಾತ್ರೆಗೆ ಸುಮಾರು 130 ಕಿಲೋಗ್ರಾಂ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವಿರುತ್ತದೆ. ಆ ಪ್ರಕಾರ ಈ ಹೊಗೆಯನ್ನು ಹಿಡಿದಿಡಲು ಸುಮಾರು 70 ಕಿಲೋಗ್ರಾಂ ಒಣಮರ ಹೊಸದಾಗಿ ಬೆಳೆಯಬೇಕು. ಮೊಣಕಾಲೆತ್ತರದ ಸಸಿಯಲ್ಲಿ ಅದರ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಅದು ಅಷ್ಟು ಬೆಳೆಯಲು ಹಲವು ವರ್ಷಗಳು ಬೇಕು. ಬೆಳೆದ ಮೇಲೂ ಕಡಿಯದೆ, ಸುಡದೆ ಇರಬೇಕು. ಸುಟ್ಟ ದಿನ ಜಮೆಯಾದುದೆಲ್ಲ ಗಾಳಿಗೆ ಮರಳುತ್ತದೆ.

ಹೊಗೆ ಇಂದು ಹೊರಡುತ್ತದೆ. ಮರ ಅದನ್ನು ಕಂತುಗಳಲ್ಲಿ, ಹಲವು ವರ್ಷಗಳ ಕಾಲ ಹೀರುತ್ತದೆ. ಆದುದರಿಂದ ಸಸಿ ನೆಡುವುದನ್ನು ಸಾಲ ತೀರಿಸಿದ ರಸೀದಿಯೆಂದು ಭಾವಿಸಲಾಗದು. ಸಾಲಕ್ಕೆ ಬರೆದುಕೊಟ್ಟ ವಾಗ್ದಾನಪತ್ರವೆಂದು ತಿಳಿಯುವುದೇ ಯುಕ್ತ. ಅದೇ ಯಾತ್ರೆಗೆ 40 ಜನ ಒಂದು ಬಸ್ಸಿನಲ್ಲಿ ಹೊರಟರೆ ತಲೆಗೆ ಬರುವ ಹೊಗೆ ಸುಮಾರು 15 ಕಿಲೋಗ್ರಾಂ ಮಾತ್ರ. ನಾಲ್ವರು ತುಂಬಿದ ಕಾರಿನಲ್ಲಿ ಅದು 33, ಒಬ್ಬನೇ ಹೋದರೆ 130. ಮರ ಹತ್ತಾರು ವರ್ಷಗಳಲ್ಲಿ ಮಾಡುವ ಉಪಕಾರದ ಬಹುಭಾಗವನ್ನು ಮನುಷ್ಯನು ಹೊರಡುವ ಮುನ್ನವೇ ಮಾಡಬಹುದೆಂದು ಈ ಲೆಕ್ಕ ತೋರಿಸುತ್ತದೆ.

ದಿಗ್ವ್ರತದ ಬೆಳಕು

ಹೊರಡುವ ಮುನ್ನ ಯೋಚಿಸಬೇಕೆಂಬುದು ನಮ್ಮ ಆಚಾರ್ಯರಿಗೆ ಹೊಸ ವಿಚಾರವಾಗಿರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದಾಗಿ ದಿಗ್ವ್ರತವನ್ನು ನಿರೂಪಿಸಿದ್ದಾರೆ. ಕಡಲು, ನದಿ, ಅಡವಿ, ಬೆಟ್ಟ, ನಾಡುಗಳನ್ನು ಗುರುತಾಗಿಟ್ಟುಕೊಂಡು ತಾನು ಇದರಾಚೆಗೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವುದು ಅದರ ತಿರುಳು. ದೇಶಾವಕಾಶಿಕದಲ್ಲಿ ಆ ಎಲ್ಲೆಯನ್ನು ಒಂದು ದಿನ, ಪಕ್ಷ, ಮಾಸ, ಚಾತುರ್ಮಾಸ್ಯ ಮೊದಲಾದ ಕಾಲಾವಧಿಗಳಿಗೆ ಇನ್ನೂ ಕಿರಿದುಗೊಳಿಸಲಾಗುತ್ತದೆ. ಅನರ್ಥದಂಡದ ಪ್ರಕರಣದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಪ್ರಯೋಜಕವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದನ್ನೂ, ಸಸ್ಯಗಳನ್ನು ಕಡಿಯುವುದನ್ನೂ ಹೇಳಿ, ಅವುಗಳ ಸಾಲಿನಲ್ಲಿಯೇ ವ್ಯರ್ಥವಾಗಿ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಮರ ಕಡಿಯುವುದಕ್ಕೂ ಕಾರಣವಿಲ್ಲದ ತಿರುಗಾಟಕ್ಕೂ ಸಂಬಂಧವುಂಟೆಂದು ಇಂದಿನ ವಿಜ್ಞಾನವು ಇಂಗಾಲದ ಲೆಕ್ಕದ ಮೂಲಕ ಹೇಳುತ್ತಿದೆ. ಆಚಾರ್ಯರು ಅವೆರಡನ್ನೂ ಪ್ರಮಾದವೆಂಬ ಒಂದೇ ದೋಷದಲ್ಲಿ ಕಂಡರು. ಅವರಿಗೆ ಹವಾಮಾನದ ಬದಲಾವಣೆ ತಿಳಿದಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಚಲನೆಯೂ ಹಿಂಸೆಯ ಒಂದು ದ್ವಾರವೆಂಬ ಅರಿವು ಅವರಿಗೆ ಸ್ಪಷ್ಟವಾಗಿತ್ತು.

ಷಡ್ಲೇಶ್ಯೆಗಳ ದೃಷ್ಟಾಂತವೂ ಇಲ್ಲಿ ಸ್ಮರಣೀಯ. ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿ ಅದನ್ನು ಕಂಡವರು ಅನೇಕರು. ಹಣ್ಣು ಬಯಸಿದ ಆರು ಮಂದಿ ಒಂದು ಮರದ ಬಳಿ ಬರುತ್ತಾರೆ. ಒಬ್ಬನು ಬುಡವನ್ನೇ ಕಡಿಯಲು ಮುಂದಾಗುತ್ತಾನೆ, ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ಇನ್ನೊಬ್ಬನು ಸಣ್ಣ ರೆಂಬೆಯನ್ನು. ಕೊನೆಯವನು ನೆಲಕ್ಕೆ ಬಿದ್ದ ಹಣ್ಣಿನಲ್ಲಿ ತೃಪ್ತನಾಗುತ್ತಾನೆ. ಈ ಆರು ಮಂದಿಯೂ ದಾರಿಹೋಕರೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬುಡ ಕಡಿದ ಮೇಲೆ ಬೇರೊಂದು ಊರಿನಲ್ಲಿ ಸಸಿ ನೆಡುತ್ತೇನೆಂದು ಹೇಳುವವನಿಗೆ ಆ ಚಿತ್ರದಲ್ಲಿ ಏಳನೆಯ ಸ್ಥಾನವಿಲ್ಲ; ಅವನೂ ಮೊದಲನೆಯವನ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ.

ಹಾಗೆಂದು ಯಾತ್ರೆಯೇ ಬೇಡವೆಂದು ಇದರ ಅರ್ಥವಲ್ಲ. ಯಾತ್ರಿಕರನ್ನು ನಂಬಿ ಬದುಕುವ ದೋಣಿಯವರು, ಹೂವಿನವರು, ಊಟದ ಮನೆಯವರು ಈ ಸೀಮೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ವರ್ಷಕ್ಕೆ ನಾಲ್ಕು ಸಲ ಧಾವಿಸಿ ಬಂದು ಅದೇ ಸಂಜೆ ಹಿಂತಿರುಗುವುದಕ್ಕಿಂತ ಒಂದೇ ಸಲ ಬಂದು ನಾಲ್ಕು ದಿನ ನಿಂತು, ಬಾರಕೂರನ್ನೂ ಹಟ್ಟಿಯಂಗಡಿಯನ್ನೂ ಬಸರೂರನ್ನೂ ಸಾವಧಾನವಾಗಿ ನೋಡಿದರೆ ಅವರಿಗೂ ಲಾಭ, ಯಾತ್ರಿಕನಿಗೂ ಜ್ಞಾನ, ಹೊಗೆಯೂ ಕಡಿಮೆ.

ಆಡಳಿತ ಮಂಡಳಿಗಳ ವಿಚಾರಕ್ಕೆ

ಈ ಇತಿಹಾಸದಿಂದ ನಮ್ಮ ಟ್ರಸ್ಟ್‌ಗಳು ಗ್ರಹಿಸಬಹುದಾದ ಕೆಲವು ಅಂಶಗಳನ್ನು ನಿವೇದಿಸಬಹುದು.

ಮೊದಲನೆಯದು, ನಿಂತಿರುವ ಮರದ ರಕ್ಷಣೆ. ಯಾತ್ರಿನಿವಾಸಕ್ಕೆ, ವಾಹನ ನಿಲುಗಡೆಗೆ, ಸಭಾಭವನಕ್ಕೆಂದು ಬಸದಿಯ ಹಿಂದಿನ ಹಾಡಿಯನ್ನು ಸವರಿ, ಮುಂದಿನ ಅಂಗಳದಲ್ಲಿ ಐವತ್ತು ಸಸಿ ನೆಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಕಾಂಕ್ರೀಟಿನ ಕಟ್ಟೆಯಾಗಿ ಮಾರ್ಪಟ್ಟ ನಾಗಬನಗಳು ಇಂದು ಕರಾವಳಿಯಲ್ಲೆಲ್ಲ ಕಾಣುತ್ತವೆ. ಬನದಲ್ಲಿ ಬಿಂಬ ಉಳಿದು ಮರ ಹೋದರೆ ಹಿರಿಯರ ಕಟ್ಟುಪಾಡಿನ ಉದ್ದೇಶವೇ ಹೋದಂತೆ. ಪ್ರತಿ ಸಂಸ್ಥೆಯೂ ತನ್ನ ಭೂಮಿಯಲ್ಲಿರುವ ಮರಗಳ ಒಂದು ಕಡತವನ್ನು ಆಸ್ತಿಪಟ್ಟಿಯೊಡನೆ ಇರಿಸಿಕೊಳ್ಳುವುದು ಉಚಿತ.

ಎರಡನೆಯದು, ನೆಡುವುದಾದರೆ ದತ್ತಿಯ ಕ್ರಮದಲ್ಲಿ ನೆಡುವುದು. ಸಸಿಯ ಬೆಲೆ ಅಲ್ಪ. ಮೂರು ಬೇಸಿಗೆಗಳ ನೀರು, ಬೇಲಿ, ಕಾಯುವವನ ಕೂಲಿ ಇವೇ ನಿಜವಾದ ಖರ್ಚು. ಆ ಹಣವನ್ನು ಮೊದಲೇ ಠೇವಣಿಯಾಗಿ ಇಟ್ಟು, ಕಾಯುವವನ ಹೊಣೆಯನ್ನು ಬರಹದಲ್ಲಿ ಗೊತ್ತುಪಡಿಸದೆ ಒಂದು ಸಸಿಯನ್ನೂ ನೆಡಬಾರದು. ಬದುಕಿದ ಸಸಿಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರದ ಜೊತೆಗೆ ಓದಿ ಹೇಳಬೇಕು.

ಮೂರನೆಯದು, ನೆಲವರಿತು ನೆಡುವುದು. ಮರಳು ತೀರಕ್ಕೆ ಹೊನ್ನೆ, ಹೊಂಗೆ. ಊರಿನ ನೆಲಕ್ಕೆ ಹಲಸು, ಮಾವು, ನೇರಳೆ, ರೆಂಜೆ, ಪುನರ್ಪುಳಿ, ಬೋಗಿ. ಕೋಡಿಯಂತಹ ಕಡಲತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಬಯಲು ಮರಳನ್ನು ಮರಗಳಿಂದ ಮುಚ್ಚಬಾರದು; ಅಲ್ಲಿ ನೆಡದಿರುವುದೇ ಅಹಿಂಸೆ. ಐದು ನದಿಗಳು ಕೂಡುವ ಪಂಚಗಂಗಾವಳಿಯ ಅಳಿವೆಯಲ್ಲಿ ಕಾಂಡ್ಲ ವನಗಳಿವೆ. ಅಲೆಯ ಹೊಡೆತವನ್ನು ತಡೆದು, ಮೀನಿನ ಮರಿಗಳಿಗೆ ಆಸರೆಯಾಗಿ, ತಮ್ಮ ಬುಡದ ಕೆಸರಿನಲ್ಲಿ ಇಂಗಾಲವನ್ನು ದೀರ್ಘಕಾಲ ಹುದುಗಿಸಿಡುವ ಈ ವನಗಳನ್ನು ಬೆಳೆಸಲು ಅರಣ್ಯ ಇಲಾಖೆಯು ಶ್ರಮಿಸಿದೆ. 2023ರಲ್ಲಿ ಕೇಂದ್ರ ಸರ್ಕಾರವೂ ದೇಶದ ಕಾಂಡ್ಲ ವನಗಳಿಗಾಗಿ ವಿಶೇಷ ಯೋಜನೆಯನ್ನು ಆರಂಭಿಸಿತು. ಪ್ರತ್ಯೇಕ ಸಮಾರಂಭಕ್ಕೆ ವ್ಯಯಿಸುವ ಹಣದಿಂದ ಇಂತಹ ಕಾರ್ಯಕ್ಕೆ ನೆರವಾಗುವುದು ಹೆಚ್ಚು ಫಲಪ್ರದ.

ನಾಲ್ಕನೆಯದು, ಮಹೋತ್ಸವಗಳ ಸಂದರ್ಭದಲ್ಲಿ ಪ್ರಯಾಣದ ಲೆಕ್ಕವನ್ನು ಮುಂದಾಗಿ ಇಡುವುದು. ಕಾರ್ಕಳದಲ್ಲಿ 2015ರಲ್ಲಿ, ಶ್ರವಣಬೆಳಗೊಳದಲ್ಲಿ 2018ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಮಹಾಮಸ್ತಕಾಭಿಷೇಕಗಳು ಜರುಗಿದವು. ಮುಂದಿನವು ಬರಲಿವೆ. ಊರೂರಿನ ಬಸದಿಗಳು ರೈಲು ಮತ್ತು ಸಾಮೂಹಿಕ ಬಸ್ಸುಗಳ ಏರ್ಪಾಡನ್ನು ಈಗಿನಿಂದಲೇ ಮಾಡಿದರೆ, ಮುಂದೆ ಸಾವಿರ ಸಸಿ ನೆಡುವ ಸಂಕಲ್ಪಕ್ಕಿಂತ ಅದು ಮೇಲಾದ ಪರಿಸರಸೇವೆ.

ಕೊನೆಯದಾಗಿ ಕಾಲದ ವಿಚಾರ. ಕರಾವಳಿಯಲ್ಲಿ ಸಸಿ ನೆಡುವ ಋತುವೂ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ್ಯವೂ ಒಂದೇ. ಮಳೆಗಾಲದಲ್ಲಿ ನೆಲದ ತುಂಬ ಜೀವಗಳು ಮೊಳೆಯುವುದರಿಂದ ಹೆಜ್ಜೆಯಿಡದೆ ಇರುವುದೇ ದಯೆಯೆಂದು ಆ ನಿಯಮ ಹುಟ್ಟಿತು. ಇದೇ ದಿನಗಳಲ್ಲಿ ಬರುವ ಆಟಿ ಅಮಾವಾಸ್ಯೆಯಂದು ತುಳುನಾಡಿನ ಮನೆಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯವನ್ನು ಕುಡಿಯುತ್ತಾರೆ. ಆ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕೆಂಬುದು ವಾಡಿಕೆ. ಹಾಲೆಯೆಂದರೆ ಸಪ್ತಪರ್ಣ. ಅಜಿತನಾಥ ತೀರ್ಥಂಕರರಿಗೆ ಕೇವಲಜ್ಞಾನವಾದುದು ಆ ಮರದಡಿಯಲ್ಲಿ ಎಂಬುದು ಪರಂಪರೆ. ಆದಿನಾಥರಿಗೆ ಆಲ, ಮಹಾವೀರರಿಗೆ ಶಾಲ. ಶ್ರಾವಕ ಕುಟುಂಬಗಳು ಈ ನಾಲ್ಕು ತಿಂಗಳು ಅನಿವಾರ್ಯವಲ್ಲದ ದೂರ ಪ್ರಯಾಣವನ್ನು ಬಿಟ್ಟು, ತಮ್ಮ ಊರಿನ ಬಸದಿಯ ನೆಲದಲ್ಲಿ ತಾವು ಕಾಯಬಲ್ಲಷ್ಟು ಸಸಿಗಳನ್ನು ಮಾತ್ರ ನೆಡಲಿ. ನೆಟ್ಟವರ ಹೆಸರಿನ ಫಲಕ ಬೇಕಿಲ್ಲ. ಮುಂದಿನ ಮಾಘ, ಫಾಲ್ಗುಣಗಳ ಬಿಸಿಲಿನಲ್ಲಿ ಆ ಗಿಡಕ್ಕೆ ನೀರು ಹೊರಬೇಕಾದವರ ಹೆಸರು ಬಸದಿಯ ಕಡತದಲ್ಲಿದ್ದರೆ ಸಾಕು.